ಹಾಡಿ ಹೋದ ಮೇಲೆ

ಸಾವಿರದ ಒಂಬೈನೂರ ತೊಂಬತ್ತೊಂದನೇ ಇಸವಿಯಲ್ಲಿ, ಎಂಟನೇ ಕ್ಲಾಸಿನ ದಸರಾ ರಜೆ ಮುಗಿದ ಮೇಲೆ, ನಾನು ಶಾಲೆಗೆ ಹೋಗಲಿಲ್ಲ. ಕೇಳಿದವರಿಗೆ ಬಡತನ ಎಂದುಬಿಟ್ಟರೆ ಸುಲಭ. ಅವರೂ ತಲೆಯಾಡಿಸಿ ಸುಮ್ಮನಾಗುತ್ತಾರೆ. ಆದರೆ ಅದು ಪೂರ್ತಿ ನಿಜವಲ್ಲ. ಹಳೆಯ ಪುಸ್ತಕ ಸಿಗುತ್ತಿತ್ತು, ಮಧ್ಯಾಹ್ನಕ್ಕೆ ಮನೆಗೆ ಬಂದರೆ ಗಂಜಿ ಇರುತ್ತಿತ್ತು, ಲೆಕ್ಕದಲ್ಲಿ ನಾನು ಯಾರಿಗೂ ಕಡಿಮೆ ಇರಲಿಲ್ಲ. ನಾನು ಶಾಲೆ ಬಿಟ್ಟದ್ದು ಒಂದು ಗುಂಡಿ ತೋಡಲಿಕ್ಕೆ. ಇದನ್ನು ಹೇಳಿದರೆ ಜನ ನಗುತ್ತಾರೆ, ಹಾಗಾಗಿ ಬಹಳ ವರ್ಷ ಹೇಳಿರಲಿಲ್ಲ. ಈಗ ನಗುವವರು ನಗಲಿ. ಆ ಗುಂಡಿಯಿಂದಲೇ ನಾನು ಮನುಷ್ಯನಾದದ್ದು, ಅದರಲ್ಲೇ ನನ್ನ ತಪ್ಪೂ ಇದೆ.

ನಮ್ಮ ಮನೆ ಕುಂದಾಪುರದ ಪೇಟೆಯಿಂದ ಹೊಳೆಯ ಕಡೆಗೆ ಇಳಿದರೆ ಸಿಗುವ ತಗ್ಗಿನಲ್ಲಿತ್ತು. ಮನೆ ಎಂದರೆ ಪ್ರತ್ಯೇಕ ಮನೆಯಲ್ಲ, ಒಂದೇ ಹಂಚಿನ ಮಾಡಿನ ಕೆಳಗೆ ಐದು ಬಿಡಾರ, ನಮ್ಮದು ನಾಲ್ಕನೆಯದು. ಮುಂದೆ ಒಬ್ಬರು ಕಾಲು ಚಾಚಿ ಕೂರುವಷ್ಟು ಜಗಲಿ, ಒಳಗೆ ಒಂದು ಕೋಣೆ, ಅದರ ಹಿಂದೆ ಅಡುಗೆಯ ಜಾಗ. ಅಡುಗೆಯ ಜಾಗದ ಮೂಲೆಯಲ್ಲಿ ಒಂದು ಚಪ್ಪಡಿ ಕಲ್ಲು ಹಾಸಿದ್ದೇ ಬಚ್ಚಲು. ಅಲ್ಲಿ ಹರಿದ ನೀರು ಐದೂ ಮನೆಗಳ ಹಿಂದಿನ ತೋಡಿನಲ್ಲಿ ಹೋಗುತ್ತಿತ್ತು, ಹಾಗಾಗಿ ಅಲ್ಲಿ ಸ್ನಾನ ಬಿಟ್ಟು ಬೇರೇನು ಮಾಡಿದರೂ ಐದು ಮನೆಗೂ ಗೊತ್ತಾಗುತ್ತಿತ್ತು. ಅಮ್ಮ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು, ಮೊರವನ್ನು ಮಡಿಲಲ್ಲಿಟ್ಟುಕೊಂಡು, ಬೆಳಿಗ್ಗೆಯಿಂದ ದೀಪ ಹಚ್ಚುವವರೆಗೆ ಬೀಡಿ ಕಟ್ಟುತ್ತಿದ್ದಳು. ನನಗಿಂತ ನಾಲ್ಕು ವರ್ಷ ದೊಡ್ಡವಳಾದ ಅಕ್ಕ ಎಲೆ ಕತ್ತರಿಸಿಕೊಡುತ್ತಿದ್ದಳು. ಅಪ್ಪಯ್ಯ ಕೊಲ್ಲೂರಿನ ಒಂದು ಲಾಡ್ಜಿನಲ್ಲಿದ್ದರು, ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದರು. ಅಲ್ಲಿ ಏನು ಕೆಲಸ ಎಂದು ಯಾರಾದರೂ ಕೇಳಿದರೆ ಅಮ್ಮ “ರೂಮ್ ಕಾಂಬ್ದ್” ಎನ್ನುತ್ತಿದ್ದಳು, ರೂಮು ನೋಡಿಕೊಳ್ಳುವುದು. ನಾನೂ ಶಾಲೆಯಲ್ಲಿ ಹಾಗೆಯೇ ಹೇಳುತ್ತಿದ್ದೆ, ಸ್ವಲ್ಪ ಎದೆ ಉಬ್ಬಿಸಿ.

ಸಾಲು ಮನೆಗಳ ಹಿಂದೆ ಹಾಡಿ ಇತ್ತು. ನಮ್ಮ ಕಡೆ ಹಾಡಿ ಎಂದರೆ ಗೇರುಮರ, ಕೇಪಳದ ಗಿಡ, ಮುಳ್ಳಿನ ಪೊದೆಗಳು ತಾವಾಗಿ ಬೆಳೆದ ಪಾಳು ಜಾಗ. ನಮ್ಮ ಐದು ಮನೆಗೂ ಅದೇ ಕಕ್ಕಸು. ಆ ಶಬ್ದವನ್ನು ಯಾರೂ ಬಾಯಲ್ಲಿ ಹೇಳುತ್ತಿರಲಿಲ್ಲ. “ಹಾಡಿಗ್ ಹೋಯ್ ಬತ್ತೆ” ಎಂದರೆ ಮುಗಿಯಿತು. ಹೆಂಗಸರ ಕಡೆ, ಗಂಡಸರ ಕಡೆ ಎಂದು ಗಡಿ ಇತ್ತು, ಒಂದು ದೊಡ್ಡ ಗೇರುಮರವೇ ಆ ಗಡಿ. ಗುಂಪಾಗಿ ಹೋಗುವ ಹೆಂಗಸರು ಅಲ್ಲೇ ಮಾತು, ನಗು, ಜಗಳ ಎಲ್ಲ ಮುಗಿಸಿ ಬರುತ್ತಿದ್ದರು. ಎರಡನೇ ಮನೆಯ ಗಿರಿಜಕ್ಕ ಗೇರುಬೀಜದ ಕಾರ್ಖಾನೆಯವಳು, ಬಾಯಿ ದೊಡ್ಡದು. ಅವಳು ಹಾಡಿಯಿಂದ ಬಂದಳೆಂದರೆ ಊರಿನ ಸುದ್ದಿಯೆಲ್ಲ ಬಂತು ಎಂದೇ ಲೆಕ್ಕ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಬೇಸಗೆಯಲ್ಲಿ ಆ ಹಾಡಿ ಮಾರಿಹೋಯಿತು. ಪೇಟೆ ನಮ್ಮ ಕಡೆಗೇ ಬೆಳೆಯುತ್ತಿತ್ತು. ಕೊಂಡವರು ಮುಂಬಯಿಯಲ್ಲಿ ಹೋಟೆಲು ಇಟ್ಟವರಂತೆ, ನಾವು ಮುಖವನ್ನೂ ನೋಡಲಿಲ್ಲ. ಒಂದು ವಾರದಲ್ಲಿ ಮರ ಕಡಿದರು, ಕೆಂಪು ಮಣ್ಣು ತಂದು ತಗ್ಗು ತುಂಬಿಸಿದರು, ಸುತ್ತ ಕಲ್ಲಿನ ಗೋಡೆ ಎಬ್ಬಿಸಿದರು. ಮಕ್ಕಳಾದ ನಮಗೆ ಲಾರಿ ನೋಡುವ ಸಂಭ್ರಮ. ಗಂಡಸರು ಆ ಹೊಸ ಗೋಡೆಯ ಬುಡಕ್ಕೇ ಹೋಗತೊಡಗಿದರು. ಹೆಂಗಸರು ಬೆಳಕು ಹರಿಯುವ ಮೊದಲು ಒಮ್ಮೆ, ಕತ್ತಲಾದ ಮೇಲೆ ಒಮ್ಮೆ ಹೊಳೆಯ ದಂಡೆಗೆ ಹೋಗಬೇಕಾಯಿತು. ನಡುವೆ ಹನ್ನೆರಡು ಹದಿಮೂರು ಗಂಟೆ. ಆ ಹೊತ್ತನ್ನು ಅವರು ಹೇಗೆ ಕಳೆಯುತ್ತಾರೆ ಎಂದು ನಾನು ಯೋಚಿಸಿದವನೇ ಅಲ್ಲ. ಯೋಚಿಸುವ ಅಗತ್ಯವೇ ಗಂಡುಮಕ್ಕಳಿಗೆ ಬಾರದ ಹಾಗೆ ಮನೆ ನಡೆಯುತ್ತಿತ್ತು.

ಅಮ್ಮ ನೀರು ಕುಡಿಯುವುದನ್ನು ಬಿಟ್ಟಳು. ಇದು ಈಗ ಹೇಳುವ ಮಾತು. ಆಗ ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಮಧ್ಯಾಹ್ನ ಕುಚ್ಚಲಕ್ಕಿ ಗಂಜಿ ಬಡಿಸುವಾಗ ಅವಳು ನಮ್ಮಿಬ್ಬರ ತಟ್ಟೆಗೆ ತೆಳಿ ತುಂಬ ಹಾಕಿ, ತನಗೆ ಮಾತ್ರ ಸೌಟಿನಲ್ಲಿ ಒತ್ತಿ ಹಿಂಡಿದ ಅಗುಳು ಹಾಕಿಕೊಳ್ಳುತ್ತಿದ್ದಳು. ಬೈಗೆ ಮೀನಿನ ಸಾರು ಮಾಡಿದ ದಿನ ಸಾರು ನಮಗೆ, ಮೀನಿನ ಒಂದು ತುಂಡು ಅವಳಿಗೆ. ಗಟ್ಟಿಯದ್ದೆಲ್ಲ ಅಮ್ಮ ತಾನೇ ತಿನ್ನುತ್ತಾಳೆ, ನಮಗೆ ನೀರು ಕುಡಿಸುತ್ತಾಳೆ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ. ಒಂದು ದಿನ ತಟ್ಟೆ ದೂಡಿ ಹೇಳಿಯೇಬಿಟ್ಟೆ.

“ನಿಂಗ್ ಮಾತ್ರ ಅಗ್ಳ್, ನಂಗ್ ತೆಳಿ. ನಾ ಎಂತ ದನ್ವಾ, ಅಕ್ಕಚ್ಚ್ ಕುಡುಕೆ?”

ಅಮ್ಮ ತನ್ನ ತಟ್ಟೆಯ ಅನ್ನವನ್ನು ನನ್ನ ತಟ್ಟೆಗೆ ಸುರಿದು, ಕೈ ತೊಳೆದು, ಮೊರ ಎತ್ತಿಕೊಂಡಳು. ನಾನು ಆ ಅನ್ನವನ್ನೂ ತಿಂದೆ. ಹಸಿವು ಇತ್ತು, ಗೆದ್ದೆ ಎಂಬ ಖುಷಿಯೂ ಇತ್ತು.

ಮಳೆಗಾಲದ ಹೊತ್ತಿಗೆ ಅವಳಿಗೆ ಉರಿ ಶುರುವಾಯಿತು. ಸೊಂಟದ ಮೇಲೆ ಒಂದು ಬದಿಗೆ ನೋವು, ನಡುನಡುವೆ ಹಲ್ಲು ಕಟಕಟ ಎನ್ನುವ ಚಳಿಜ್ವರ. ಐದೂ ಮನೆಯ ಹೆಂಗಸರು ಸೇರಿ ಒಂದೇ ಹೆಸರು ಇಟ್ಟರು, ಉಷ್ಣ. ನಮ್ಮ ಕಡೆ ಕಣ್ಣು ಕೆಂಪಾದರೆ ಉಷ್ಣ, ಬಾಯಿ ಹುಣ್ಣಾದರೆ ಉಷ್ಣ, ತಲೆ ತಿರುಗಿದರೆ ಉಷ್ಣ. ಅದಕ್ಕೆ ಮದ್ದೂ ಎಲ್ಲರಿಗೂ ಗೊತ್ತು, ತಂಪಾದದ್ದು ಕುಡಿಯುವುದು. ಬೆಳಿಗ್ಗೆ ಮೆಂತೆ ನೆನೆಸಿದ ನೀರು, ಮಧ್ಯಾಹ್ನ ಬೊಂಡದ ಎಳನೀರು, ಸಂಜೆ ರಾಗಿ ಅಂಬಲಿ. ನಾನು ಶಾಲೆಯಿಂದ ಬರುವಾಗ ದಾರಿಯ ತೆಂಗಿನ ತೋಟದಲ್ಲಿ ಕಾಯಿ ಹೆಕ್ಕಿಕೊಟ್ಟು, ಕೂಲಿಗೆ ಬದಲು ಎರಡು ಬೊಂಡ ತಂದೆ. ಕೆತ್ತಿ, ಲೋಟಕ್ಕೆ ಬಗ್ಗಿಸಿ, ಅಮ್ಮನ ಎದುರು ಇಟ್ಟೆ.

“ಆಮೇಲ್ ಕುಡಿತೆ ಮಗ, ಅಲ್ಲ್ ಇಡ್.”

“ಈಗ ಕುಡುಕೆ ಎಂತ ದಾಡಿ?”

“ಕೈಯಂಗೆ ಹೊಗೆಸೊಪ್ಪ್ ಇತ್ತಲೆ. ನೀ ಆಡುಕೆ ಹೋಗ್.”

ಮರುದಿನವೂ ಹಾಗೆಯೇ. ಮೂರನೇ ದಿನ ನಾನು ಆಡಲು ಹೋದಂತೆ ಮಾಡಿ ಹಿಂದಿನಿಂದ ಬಂದು ನೋಡಿದೆ. ಅಮ್ಮ ಬೊಂಡದ ನೀರನ್ನು ನಾಲಿಗೆಗೆ ಎರಡು ಹನಿ ತಾಗಿಸಿ, ಉಳಿದದ್ದನ್ನು ಅಕ್ಕನ ಲೋಟಕ್ಕೆ ಬಗ್ಗಿಸುತ್ತಿದ್ದಳು. ಅಕ್ಕನೂ ಕುಡಿಯಲಿಲ್ಲ, ಬಸಳೆಯ ಬುಡಕ್ಕೆ ಹೊಯ್ದಳು. ನನ್ನ ದುಡಿಮೆಯನ್ನು ಬಸಳೆ ಕುಡಿಯಿತು! ನಾನು ಕೂಗಾಡಿದೆ. ಅಮ್ಮ ಗೋಡೆಯ ಕಡೆ ಮುಖ ತಿರುಗಿಸಿದಳು. ಅಕ್ಕ ನನ್ನ ಕಿವಿ ಹಿಡಿದು ಬಾವಿಕಟ್ಟೆಯವರೆಗೆ ಎಳೆದುಕೊಂಡು ಹೋದಳು.

“ಹೆಡ್ಡ. ಕುಡ್ದ್ರೆ ಹೋಯ್ಕಲ್ದಾ? ಹೋಪ್ದ್ ಎಲ್ಲಿಗೆ? ಹಾಡಿ ಎಲ್ಲಿತ್ತ್ ಈಗ?”

ನನಗೆ ಅರ್ಥವಾಗಲಿಲ್ಲ.

“ನಿಮ್ ಗಂಡಸ್ರಿಗೆ ಒಂದ್ ಗ್ವಾಡಿ ಇದ್ರೆ ಸಾಕ್. ನಾವ್ ಬೆಳಿಗ್ಗೆ ಹೋದ್ರೆ ಮತ್ತ್ ಕತ್ಲಿಗೇ. ಅಮ್ಮ ಅಗ್ಳ್ ತಿಂಬ್ದ್ ಎಂತಕ್ಕಂತ ಮಾಡಿದ್ದೆ ನೀನ್? ಆಸಿಗಾ?”

ಮೂವತ್ತು ವರ್ಷದ ಮೇಲಾಯಿತು. ಇವತ್ತಿಗೂ ಗಂಜಿ ಬಡಿಸುವಾಗ ಅನ್ನ ಹಿಂಡುವ ಸದ್ದು ಕೇಳಿದರೆ ನನಗೆ ಕಿವಿ ಬಿಸಿಯಾಗುತ್ತದೆ.

ಜ್ವರ ಬಿಡದೆ ಇದ್ದಾಗ ಪೇಟೆಯ ಡಾಕ್ಟರರ ಹತ್ತಿರ ಹೋದೆವು. ಅಕ್ಕನಿಗೆ ಬೀಡಿ ಬಿಟ್ಟು ಬರಲು ಆಗದ್ದರಿಂದ ಜೊತೆಗೆ ಹೋದವನು ನಾನು. ಡಾಕ್ಟರು ಒಳ್ಳೆಯವರೇ. ಬೆನ್ನು ತಟ್ಟಿ ನೋಡಿದರು, ಅಮ್ಮ ನೋವಿಗೆ ಹೌಹಾರಿದಳು.

“ನೀರು ಚೆನ್ನಾಗಿ ಕುಡೀತೀರಾ?”

“ಕುಡಿತೆ ಡಾಕ್ಟ್ರೆ.”

“ದಿನಕ್ಕೆ ಎಷ್ಟು?”

“ತುಂಬ ಕುಡಿತೆ.”

“ಸುಳ್ಳ್,” ಎಂದೆ ನಾನು. ಅಮ್ಮ ಮೇಜಿನ ಕೆಳಗೆ ನನ್ನ ತೊಡೆ ಚಿವುಟಿದಳು. ಡಾಕ್ಟರು ನನ್ನನ್ನೂ ಅವಳನ್ನೂ ನೋಡಿ, ಏನೋ ಕೇಳಲು ಬಾಯಿ ತೆರೆದವರು, ಕೇಳದೆ ಚೀಟಿ ಬರೆದರು. ಮಾತ್ರೆ, ಬಾರ್ಲಿ ನೀರು, ಮೂತ್ರದ ಪರೀಕ್ಷೆ. ಅಷ್ಟು ಓದಿದವರಿಗೂ ಒಬ್ಬ ಹೆಂಗಸಿಗೆ ನಿಮ್ಮ ಮನೆಯಲ್ಲಿ ಕಕ್ಕಸು ಇದೆಯೇ ಎಂದು ಕೇಳುವುದು ಕಷ್ಟವಾಯಿತು. ನಾನು ಅವರನ್ನು ದೂರುವುದಿಲ್ಲ. ನಾನು ಅವಳ ಹೊಟ್ಟೆಯಲ್ಲಿ ಹುಟ್ಟಿದವನು, ನಾನೂ ಕೇಳಿರಲಿಲ್ಲ.

ಪರೀಕ್ಷೆಗೆ ಒಂದು ಸಣ್ಣ ಬಾಟಲಿ ಕೊಟ್ಟು ನರ್ಸು ಒಳಗಿನ ಬಾಗಿಲು ತೋರಿಸಿದಳು. ಅಮ್ಮ ಹೋದವಳು ಬಹಳ ಹೊತ್ತು ಬರಲಿಲ್ಲ. ನರ್ಸು ಎರಡು ಸಲ ಬಾಗಿಲು ಬಡಿದಳು. ಕೊನೆಗೆ ಬಂದಾಗ ಅಮ್ಮನ ಮುಖ ತೊಳೆದಿಟ್ಟ ಹಾಗಿತ್ತು. ಮನೆಯ ದಾರಿಯಲ್ಲಿ ಅರ್ಧಕ್ಕೆ ನಿಂತು, ಗುಟ್ಟು ಹೇಳುವವಳ ಹಾಗೆ ಬಗ್ಗಿದಳು.

“ಒಳ್ಗಿಂದ ಹಾಕಂಬ್ ಚಿಲ್ಕ ಇತ್ತ್ ಮಗ.”

ಅಷ್ಟೇ. ಜಾತ್ರೆಯಲ್ಲಿ ಏನೋ ಕಂಡುಬಂದ ಮಗುವಿನ ದನಿ. ಆ ದನಿ ಕೇಳಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ.

ಸಾಲು ಮನೆಯ ಒಡತಿಯನ್ನು ನಾವು ದೊಡ್ಡಮ್ಮ ಎನ್ನುತ್ತಿದ್ದೆವು. ಮೇಲಿನ ದಿಬ್ಬದಲ್ಲಿ ಅವರ ಮನೆ, ಸಿಹಿನೀರಿನ ಬಾವಿ, ಹಿತ್ತಿಲ ಕೊನೆಯಲ್ಲಿ ಒಂದು ಕಕ್ಕಸು. ತಗ್ಗಿನ ನಮ್ಮ ಬಾವಿಯ ನೀರು ಬೇಸಗೆಯಲ್ಲಿ ಉಪ್ಪಾದಾಗ ಅವರ ಬಾವಿಯಿಂದ ಎರಡೆರಡು ಕೊಡ ಕೊಡುತ್ತಿದ್ದರು. ಕೈ ಬಿಗಿಯಾದ ಹೆಂಗಸಲ್ಲ. ನಾನು ಹೋಗಿ, ಐದು ಮನೆಗೂ ಸೇರಿ ಒಂದು ಕಕ್ಕಸು ಬೇಕು, ನಾನೇ ತೋಡುತ್ತೇನೆ ಎಂದಾಗ ಅವರು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು.

“ಕಾಣ್ ಮಗಾ, ಅಲ್ಲ್ ನಾಗ ಇಪ್ಪ ಜಾಗ. ಬಾಯಲ್ಲ್ ಸೈತ ಹೇಳುಕಾಗ.”

“ನಾಗಬನ ಆ ತುದಿಗಿತ್ತ್ ದೊಡ್ಡಮ್ಮ. ನಾ ಹೊಳಿ ಬದಿಗ್ ತೋಡ್ತೆ.”

ಅವರು ನಾಗನನ್ನು ಬದಿಗಿಟ್ಟು ನಿಜ ಹೇಳಿದರು.

“ನಮ್ ಗದ್ದಿ ಎಲ್ಲ ಡಿಕ್ಲರೇಶನಂಗೆ ಹೋಯ್ತ್. ಗೇಣಿಗಿದ್ದೋರೇ ಒಡೇರಾದ್ರ್. ನಂಗ್ ಉಳ್ದದ್ದ್ ಈ ಐದ್ ಬಿಡಾರ. ಇವತ್ತ್ ನೀ ಕಲ್ಲಿನ್ ಮೇಲ್ ಕಲ್ಲ್ ಇಟ್ಟ್ ಕಟ್ಟಿರೆ, ನಾಳೆ ಜಾಗವೂ ನಂದೇ ಅಂದ್ರೆ ನಾ ಎಂತ ಮಾಡ್ಲಿ?”

ಉಳುವವನಿಗೆ ಭೂಮಿ ಬಂದ ಕಾಲದ ಹೆದರಿಕೆ ಅದು. ಅವರ ಪ್ರಾಯದಲ್ಲಿ ನಾನಿದ್ದರೆ ನನಗೂ ಅದೇ ಹೆದರಿಕೆ ಇರುತ್ತಿತ್ತೋ ಏನೋ. ಆದರೆ ಆ ಹೊತ್ತಿಗೆ ನನಗೆ ಸಿಟ್ಟೇ ಬಂತು.

“ಕಲ್ಲ್ ಇಡ್ದೇ ಕಟ್ರೆ?”

“ಕಲ್ಲ್ ಇಡ್ದೇ ಹ್ಯಾಂಗ್ ಕಟ್ತೆ, ಹೈದ? ಗಾಳಿಯಂಗಾ?” ಎಂದು ನಕ್ಕರು. ನಕ್ಕದ್ದನ್ನೇ ನಾನು ಒಪ್ಪಿಗೆ ಎಂದುಕೊಂಡೆ.

ದಸರಾ ರಜೆಯ ಮೊದಲ ದಿನವೇ ಐದನೇ ಮನೆಯ ಆಚೆ, ಬಾವಿಗಿಂತ ಕೆಳಗೆ, ಹೊಳೆಯ ಬದಿಗೆ ಗುದ್ದಲಿ ಹಾಕಿದೆ. ಮೊಣಕಾಲಿನವರೆಗೆ ಹೋದಾಗ ಮಣ್ಣು ಕಪ್ಪಾಯಿತು, ಸೊಂಟದವರೆಗೆ ಹೋದಾಗ ನೀರು ಬಂತು. ಮಳೆಗಾಲ ಆಗಷ್ಟೇ ಮುಗಿದಿತ್ತು, ಹೊಳೆ ಪಕ್ಕದಲ್ಲೇ ಇತ್ತು, ಬಾರದೆ ಇರುತ್ತದೆಯೇ? ಬೆಳಿಗ್ಗೆ ಮೊಗೆದು ಹಾಕಿದರೆ ಸಂಜೆಗೆ ತುಂಬುತ್ತಿತ್ತು, ಬದಿಯ ಮಣ್ಣು ಕುಸಿಯುತ್ತಿತ್ತು. ರಜೆ ಮುಗಿಯಿತು. ಗುಂಡಿ ಮುಗಿಯಲಿಲ್ಲ. ಶಾಲೆಯಿಂದ ಮೇಷ್ಟ್ರು ಹುಡುಕಿಕೊಂಡು ಬಂದಾಗ ನಾನು ಕೆಸರಿನಲ್ಲಿ ನಿಂತಿದ್ದೆ. ಅವರು ಗುಂಡಿಯ ದಡದಲ್ಲಿ ಕೂತು, ಯಾಕೆ ತೋಡುತ್ತೀಯ ಎಂದು ಕೇಳಿ, ಕೇಳಿದ ಮೇಲೆ ಬಯ್ಯಲಿಲ್ಲ. “ಇದು ಮುಗಿದ ಕೂಡಲೇ ಬಾ” ಎಂದರು. “ಬತ್ತೆ ಸರ್” ಎಂದೆ. ಅದೊಂದು ಮಾತು ನಾನು ಉಳಿಸಿಕೊಳ್ಳಲಿಲ್ಲ.

ದಾರಿ ತೋರಿಸಿದವರು ಕೊಕ್ಕರ್ಣೆ ಕಡೆಯ ಕೊಗ್ಗಣ್ಣ. ಬಾವಿ ತೋಡುವ, ಬಾವಿಗೆ ಸಿಮೆಂಟಿನ ರಿಂಗು ಇಳಿಸುವ ಕೆಲಸದವರು. ಮೇಲಿನ ಮನೆಯೊಂದಕ್ಕೆ ಕೆಲಸಕ್ಕೆ ಬಂದಿದ್ದರು, ಬೀಡಿಗೆ ಬೆಂಕಿ ಕೇಳಲು ನಮ್ಮ ಅಂಗಳಕ್ಕೆ ಇಳಿದರು.

“ಹ್ವಾಯ್, ನೀ ತೋಡುದ್ ಬಾಮಿಯಾ, ಕೆರಿಯಾ?”

“ಕಕ್ಕಸ್.”

“ಇಲ್ಲ್ ಕೆಳ್ಗ್ ಹೋಪುಕಾತಿಲ್ಲ ಮಾರಾಯ. ಕೆಳ್ಗ್ ಹೋಪುಕಾಗ್ದಿದ್ರೆ ಮೇಲ್ ಹೋಯ್ಕ್. ರಿಂಗ್ ನೆಲದ್ ಮೇಲೇ ಕೂರ್ಸ್, ಸುತ್ತ ಮಣ್ಣ್ ಏರ್ಸ್, ಮೆಟ್ಲ್ ಹತ್ತ್ ಕೂಕಣಿ.”

ಒಡೆದ ಅಂಚಿನ, ಯಾರೂ ಕೊಳ್ಳದ ನಾಲ್ಕು ರಿಂಗುಗಳನ್ನು ಅವರು ಕೊಟ್ಟರು, ಬದಲಿಗೆ ಅವರ ಜೊತೆ ಒಂದು ತಿಂಗಳು ಮಣ್ಣು ಎಳೆಯಬೇಕು. ದೊಡ್ಡಮ್ಮನಿಗೂ ಉತ್ತರ ಸಿಕ್ಕಿತು. ರಿಂಗು ಕಲ್ಲಲ್ಲ, ಬೇಡ ಎಂದ ದಿನ ಉರುಳಿಸಿಕೊಂಡು ಹೋಗಬಹುದು, ಗೋಡೆ ತೆಂಗಿನ ಮಡಲಿನ ತಟ್ಟಿಯದ್ದು. “ಹೊತ್ಕಂಡ್ ಹೋಪ ಕಕ್ಕಸ್ ಆರೆ ಆಯ್ತ್” ಎಂದು ಅವರೂ ಸಮಾಧಾನಗೊಂಡರು. ಮೆಟ್ಟಿಲು ಹೊಳೆಯ ಕಡೆಗೆ ಇರಲಿ ಎಂದು ಕೊಗ್ಗಣ್ಣ ಹೋಗುವಾಗ ಹೇಳಿದ್ದರು. ಯಾಕೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಇನ್ನು ಬೇಸಿನ್ನು ಬೇಕಿತ್ತು. ಆ ಶನಿವಾರ ಅಪ್ಪಯ್ಯ ಬರುವ ಹೊತ್ತಿಗೆ ನಾನು ಬಸ್ ನಿಲ್ಲುವಲ್ಲಿ ಕಾಯುತ್ತಿದ್ದೆ. ಕೊಲ್ಲೂರು ಬಸ್ಸಿನ ಹಿಂದಿನ ಬಾಗಿಲಲ್ಲಿ ಅಪ್ಪಯ್ಯ, ಅವರ ತೋಳಿನಲ್ಲಿ ಗೋಣಿಯಲ್ಲಿ ಸುತ್ತಿದ ಏನೋ. ಗೋಣಿ ಜಾರಿ ಬಿಳಿಯ ಕಕ್ಕಸಿನ ಬೇಸಿನ್ನು ಅರ್ಧ ಹೊರಗೆ ಕಾಣುತ್ತಿತ್ತು. ಕೈಯಲ್ಲಿ ಪ್ರಸಾದ ಹಿಡಿದ ಯಾತ್ರಿಕರು ದೂರ ಸರಿದು ನಿಂತಿದ್ದರು. ಕಂಡಕ್ಟರು ಮಾತ್ರ ಬಿಡಲಿಲ್ಲ.

“ಅಲ್ಲ ಮರ್ರೆ, ಇದಕ್ ಟಿಕೆಟ್ ಮಾಡ್ಲಿಲ್ಲ ನೀವ್!”

“ಕೂಕಂಡವ್ರಿಗ್ ಟಿಕೆಟ್. ಇದ್ ದಾರಿಯುದ್ದ ಕೂಕಣ್ಲಿಲ್ಲ.”

ಬಸ್ಸೆಲ್ಲ ನಕ್ಕಿತು. ಅಲ್ಲಿ ನಮ್ಮ ಓಣಿಯ ಚಾ ಅಂಗಡಿಯವನೂ ಇದ್ದ. ಅವನು ನಗುತ್ತಲೇ, “ಹಾಂಗಾರೆ ಲಾಡ್ಜಂಗೆ ನಿಮ್ದ್ ಇದೇ ಕೆಲ್ಸ್ವಾ?” ಎಂದ.

ಅಪ್ಪಯ್ಯ ಬೇಸಿನ್ನನ್ನು ನೆಲಕ್ಕಿಟ್ಟು, ಬೈರಾಸಿನಲ್ಲಿ ಮುಖ ಒರೆಸಿಕೊಂಡರು. “ಹೌದ್. ದಿನಕ್ ಇಪ್ಪತ್ತ್ ರೂಮಿಂದ್ ತೊಳಿತೆ. ಹೊಸ ಕುರ್ಚಿ ನಮೂನಿದ್ ಹಾಕ್ತ್ರಂತ, ಹಳಿದ್ ಕಿತ್ರ್. ನಾ ಕೇಂಡೆ, ಕೊಟ್ರ್.”

ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಅಪ್ಪಯ್ಯ ಬಸ್ ನಿಲ್ಲುವಲ್ಲಿ ಬಿಚ್ಚಿಬಿಟ್ಟರು. ನನಗೆ ನಾಚಿಕೆಯಾಯಿತು, ನಿಜ ಹೇಳಬೇಕು. ಬೇಸಿನ್ನಿನ ಒಂದು ತುದಿ ಹಿಡಿದು ಮನೆಯವರೆಗೆ ನಡೆದೆ, ಅವರ ಮುಖ ನೋಡಲಿಲ್ಲ. ಮರುದಿನ ಬೇಸಿನ್ನು ಕೂರಿಸಿದವರು ಅವರೇ. ನೀರು ಎಷ್ಟು ಓರೆಗೆ ಹರಿಯಬೇಕು, ಎಲ್ಲಿ ನಿಲ್ಲಬಾರದು ಎಂದು ಅವರಿಗೆ ಗೊತ್ತಿದ್ದಷ್ಟು ಯಾವ ಮೇಸ್ತ್ರಿಗೂ ಗೊತ್ತಿರಲಿಲ್ಲ. ಕೆಲಸ ನೋಡುತ್ತ ನನ್ನ ನಾಚಿಕೆ ಇಳಿಯಿತು.

ಅವರು ಕೊಲ್ಲೂರಿಗೆ ಮರಳಿದ ಮೇಲೆ ಮೆಟ್ಟಿಲು ಕಟ್ಟಿದವನು ನಾನು. ಮಣ್ಣಿನ ಆರು ಮೆಟ್ಟಿಲು, ಅಂಚಿಗೆ ಹಂಚಿನ ತುಂಡು. ಕೊಗ್ಗಣ್ಣ ಹೇಳಿದ ಹಾಗೆ ಹೊಳೆಯ ಕಡೆಗೆ ಕಟ್ಟಲಿಲ್ಲ, ಓಣಿಯ ಕಡೆಗೆ ಕಟ್ಟಿದೆ. ಹಿಂದೆ ಕಟ್ಟಿದರೆ ಯಾರಿಗೆ ಕಾಣುತ್ತದೆ? ಹದಿಮೂರು ವರ್ಷದವನು ಒಬ್ಬನೇ ಮಾಡಿದ್ದು, ದಾರಿಯಲ್ಲಿ ಹೋಗುವವರು ನೋಡಲಿ, ಚಾ ಅಂಗಡಿಯವನು ದಿನವೂ ನೋಡಲಿ ಎಂದು.

ಅವನು ನೋಡಿದ. ಅಂಗಡಿಯಲ್ಲಿ ಕೂತವರೆಲ್ಲ ನೋಡಿದರು. ಎದೆಯೆತ್ತರದ ದಿಬ್ಬದ ಮೇಲೆ ಮಡಲಿನ ಗೂಡು, ಎದುರಿಗೆ ಆರು ಮೆಟ್ಟಿಲು. ಯಾರು ಹತ್ತಿದರೂ ಬಯಲಾಟದ ರಂಗಸ್ಥಳಕ್ಕೆ ವೇಷ ಬಂದ ಹಾಗೆ. ಗಿರಿಜಕ್ಕ ಮೊದಲ ದಿನ ಅಂಗಳದಲ್ಲಿ ನಿಂತು ನೋಡಿ ಸೊಂಟಕ್ಕೆ ಕೈಯಿಟ್ಟಳು.

“ಚೆಂಡಿ ಮದ್ದಳಿ ಎಲ್ಲಿತ್ತ್ ಹೈದ? ಭಾಗವತ್ರ್ ಇಲ್ದೇ ನಾ ಹತ್ತುದಿಲ್ಲೆ ಮಾರಾಯ!”

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು, ಅಮ್ಮನೂ ನಕ್ಕಳು. ಯಾರೂ ಹಗಲಿನಲ್ಲಿ ಹತ್ತಲಿಲ್ಲ. ಹೆಂಗಸರು ಹಿಂದಿನಂತೆ ಕತ್ತಲಿಗೆ ಕಾದರು. ಅಕ್ಕ ಎರಡು ಸಲ ಹೇಳಿದಳು, ಮೆಟ್ಟಿಲು ಆಚೆ ಬದಿಗೆ ತಿರುಗಿಸು ಎಂದು. ನಾನು ತಿರುಗಿಸಲಿಲ್ಲ. ಇಷ್ಟು ಕಷ್ಟಪಟ್ಟು ಮಾಡಿದ್ದಕ್ಕೆ ನಗುತ್ತಾರಲ್ಲ, ಬೇಕಾದವರು ಹತ್ತಲಿ, ಬೇಡದವರು ಹೊಳೆಗೆ ಹೋಗಲಿ ಎಂದು ಹಟ. ಹೀಗೆ ಒಂದೂವರೆ ತಿಂಗಳು. ಅಮ್ಮ ಅಗುಳನ್ನೇ ತಿನ್ನುತ್ತಿದ್ದಳು. ನಾನು ನೋಡುತ್ತಿದ್ದೆ.

ಒಂದು ಬೆಳಿಗ್ಗೆ ಅವಳಿಗೆ ಮೊರದ ಮುಂದೆ ಕೂರಲು ಆಗಲಿಲ್ಲ. ಮೈ ಕೆಂಡ, ಮಾತು ಎಲ್ಲೆಲ್ಲೋ. ಗಿರಿಜಕ್ಕ ಕಾರ್ಖಾನೆಗೆ ಹೊರಟವಳು ತಿರುಗಿ ಬಂದಳು, ದೊಡ್ಡಮ್ಮ ಕಾರು ಕರೆಸಿದರು. ದೊಡ್ಡಾಸ್ಪತ್ರೆಯಲ್ಲಿ ಮೂರು ವಾರ. ಒಂದು ಮೂತ್ರಪಿಂಡದಲ್ಲಿ ಕಲ್ಲು ಕಟ್ಟಿ, ಕೀವು ತುಂಬಿ, ಉಳಿಸುವ ಹಾಗೆ ಇರಲಿಲ್ಲ, ತೆಗೆದರು. ಅಪ್ಪಯ್ಯ ಅವಳ ಕಾಲಿನ ಹತ್ತಿರ ನೆಲದಲ್ಲಿ ಕೂತೇ ಇರುತ್ತಿದ್ದರು. ನಾನು ಡಾಕ್ಟರರನ್ನು ಬಾಗಿಲಲ್ಲಿ ತಡೆದು ಕೇಳಿದೆ, ಒಂದೂವರೆ ತಿಂಗಳು ಮೊದಲು ನೀರು ಕುಡಿದಿದ್ದರೆ ಉಳಿಯುತ್ತಿತ್ತೇ ಎಂದು. ಅವರು ನನ್ನ ತಲೆಯ ಮೇಲೆ ಕೈಯಿಟ್ಟು, “ಅದು ತುಂಬ ದಿನದ್ದು, ಮಗು. ಹೇಳಲಿಕ್ಕೆ ಆಗುವುದಿಲ್ಲ” ಎಂದರು. ಇಲ್ಲ ಎಂದು ಅವರು ಹೇಳಲಿಲ್ಲ. ಆ ಉತ್ತರವನ್ನೇ ಹಿಡಿದುಕೊಂಡು ನಾನು ದೊಡ್ಡವನಾದೆ.

ಅಲ್ಲಿಂದ ನಡೆದೇ ಬಸ್ಸಿಗೆ ಬಂದು, ಕುಂದಾಪುರದಲ್ಲಿಳಿದು, ಮನೆಯೊಳಗೆ ಹೋಗದೆ ನೇರ ಹಾರೆ ಹಿಡಿದೆ. ಆರು ಮೆಟ್ಟಿಲನ್ನೂ ಒಡೆದೆ. ಚಾ ಅಂಗಡಿಯವನು ನೋಡುತ್ತಿದ್ದವನು ಲೋಟ ಕೆಳಗಿಟ್ಟು ಬಂದು, ಮಣ್ಣು ಎಳೆಯತೊಡಗಿದ. ಹೊಳೆಯ ಕಡೆಗೆ ಮೆಟ್ಟಿಲು, ಅಡುಗೆಯ ಬಾಗಿಲಿನಿಂದ ಅಲ್ಲಿಯವರೆಗೆ ಎರಡೂ ಬದಿಗೆ ಮಡಲಿನ ಮರೆ. ದೊಡ್ಡಮ್ಮ ಮೇಲಿನಿಂದ ಮಡಲು ಕಳಿಸಿದರು, ಅದರ ಮೇಲೆ ಒಂದು ಹಳೆಯ ಬಾಗಿಲನ್ನೂ. ಅಮ್ಮ ಮನೆಗೆ ಬಂದ ಮೂರನೇ ದಿನ, ಮಧ್ಯಾಹ್ನ, ಉರಿಬಿಸಿಲಲ್ಲಿ, ಅಕ್ಕನ ಹೆಗಲು ಹಿಡಿದು ಆ ಮರೆಯೊಳಗೆ ನಡೆದಳು. ಬಾಗಿಲು ಹಾಕಿದ ಸದ್ದು ಕೇಳಿತು. ಹೊರಗೆ ಬಂದು ಒಂದು ಚೆಂಬು ನೀರನ್ನು ನಿಂತಲ್ಲೇ ಕುಡಿದಳು, ಗಂಟಲು ಮೇಲೆ ಕೆಳಗೆ ಆಡುತ್ತಿತ್ತು. ನಾವೆಲ್ಲ ಆಟ ನೋಡುವವರ ಹಾಗೆ ನೋಡಿದೆವು. “ಎಂತ ಕಾಂತ್ರಿ, ನಾ ಎಂತ ಮದ್ಮಗ್ಳಾ?” ಎಂದು ಬೈದಳು. ಆಮೇಲೆ ಗಿರಿಜಕ್ಕನ ಸರದಿ, ಆಮೇಲೆ ಸಾಲು.

ಶಾಲೆಗೆ ಮತ್ತೆ ಹೋಗಬಹುದಿತ್ತು. ಆದರೆ ಕೊಗ್ಗಣ್ಣನ ಜೊತೆ ಮಣ್ಣು ಎಳೆಯುವ ತಿಂಗಳು ಬಾಕಿ ಇತ್ತು, ಅದು ಮುಗಿಯುವಷ್ಟರಲ್ಲಿ ಓಣಿಯ ಆಚೆಯ ಸಾಲು ಮನೆಯವರು ನಮಗೂ ಒಂದು ಮಾಡಿಕೊಡು ಎಂದು ಬಂದರು. ಹಾಗೆ ಹಿಡಿದ ಕೆಲಸವೇ ಇವತ್ತಿನವರೆಗೆ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಎಷ್ಟು ಗುಂಡಿಗೆ ರಿಂಗು ಇಳಿಸಿದ್ದೇನೋ ಲೆಕ್ಕ ಇಟ್ಟಿಲ್ಲ. ಒಂದು ಮಾತು ಮಾತ್ರ ಬಿಡದೆ ಪಾಲಿಸಿದ್ದೇನೆ. ಬಾಗಿಲು ಯಾವ ಕಡೆಗೆ ಎಂದು ಮನೆಯ ಯಜಮಾನನನ್ನು ಕೇಳುವುದಿಲ್ಲ, ಹೆಂಗಸರನ್ನು ಕೇಳುತ್ತೇನೆ. ಈಗ ಎಲ್ಲ ಬದಲಾಗಿದೆ ಎನ್ನುತ್ತಾರೆ, ಮನೆಗಳಲ್ಲಿ ಬದಲಾಗಿದೆ, ಹೌದು. ಆದರೆ ಪೇಟೆಯ ಅಂಗಡಿಗಳಲ್ಲಿ ದಿನವಿಡೀ ನಿಂತು ಸೀರೆ ಬಿಡಿಸಿ ತೋರಿಸುವ ಹುಡುಗಿಯರು ಸಂಜೆ ಬಸ್ಸಿಗೆ ನಿಂತಾಗ ಅವರ ಚೀಲದಲ್ಲಿ ಇಣುಕುವ ನೀರಿನ ಬಾಟಲಿಯನ್ನು ನೋಡಿ. ಬೆಳಿಗ್ಗೆ ತುಂಬಿಸಿದ ಹಾಗೆಯೇ ತುಂಬಿರುತ್ತದೆ. ಯಾಕೆಂದು ನನಗೆ ಯಾರೂ ಹೇಳಬೇಕಾಗಿಲ್ಲ. ಅಂಥ ಎರಡು ಅಂಗಡಿಯ ಯಜಮಾನರ ಹತ್ತಿರ ಹೋಗಿ ಜಗಳ ಮಾಡಿದ್ದೇನೆ. ಒಬ್ಬರು ಕಟ್ಟಿಸಿದರು, ಇನ್ನೊಬ್ಬರು ನನ್ನನ್ನು ಹುಚ್ಚ ಎಂದರು.

ಈಗ ನನಗೆ ಇರುವುದು ಇಷ್ಟು. ಬ್ರಹ್ಮಾವರದ ಹತ್ತಿರ ಹತ್ತು ಸೆಂಟ್ಸ್ ಜಾಗ, ಅದರಲ್ಲಿ ಒಂದು ತಾರಸಿ ಮನೆ. ರಿಂಗು ಹೊಯ್ಯುವ ಆರು ಅಚ್ಚು, ಒಂದು ಟೆಂಪೊ, ಕೆಲಸಕ್ಕೆ ಐದು ಜನ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ಓದುತ್ತಿದ್ದಾರೆ. ಕಿರಿಮಂಜೇಶ್ವರದಲ್ಲಿ ಅಕ್ಕ, ಭಾವ. ಅಪ್ಪಯ್ಯ ಇಲ್ಲ. ಅಮ್ಮ ಇದ್ದಾಳೆ. ಅವಳಿಗೆ ಮೂತ್ರಪಿಂಡ ಒಂದು.